‘ಕೆಳಗೆ’ ಅಂದರೆ ಕೇಳದ ಸ್ಟಿಕ್ಕು ಮತ್ತು ಶಿರಸಿಯ ಬೋರ್ಡಿಲ್ಲದ ರಿಪೇರಿ ಅಂಗಡಿ

ಮೊದಲೇ ಹೇಳಿಬಿಡುತ್ತೇನೆ. ಇದು ಮೋಟಾರ್ ರಿವೈಂಡಿಂಗ್ ಮತ್ತು ಮಿಕ್ಸಿ ರಿಪೇರಿ ಅಂಗಡಿಯೊಂದರ ವಿಮರ್ಶೆ. ಆದರೆ ನಾನು ಅಲ್ಲಿಗೆ ಮೋಟಾರನ್ನೂ ಒಯ್ದಿರಲಿಲ್ಲ, ಮಿಕ್ಸಿಯನ್ನೂ ಒಯ್ದಿರಲಿಲ್ಲ. ಒಯ್ದಿದ್ದು ನನ್ನ ಆರ್ಕೇಡ್ ಸ್ಟಿಕ್ಕು. ನೋಡದವರಿಗೆ ಹೇಳೋದಾದರೆ, ಅದು ಸಣ್ಣ ಹಾರ್ಮೋನಿಯಂ ಪೆಟ್ಟಿಗೆಯಂಥದ್ದು. ಎಡಗಡೆ ನಿಂಬೆಹಣ್ಣಿನಷ್ಟು ತಲೆಯ ಒಂದು ಲಿವರ್, ಬಲಗಡೆ ಎಂಟು ಬಟನ್. ಇಬ್ಬರು ಎದುರುಬದುರು ನಿಂತು ಹೊಡೆದಾಡುವ ಟೆಕ್ಕೆನ್ ಅನ್ನೋ ವಿಡಿಯೋ ಗೇಮನ್ನು ನಾನು ಆಡೋದು ಇದರಲ್ಲೇ.

ನನ್ನ ಬಗ್ಗೆ ಎರಡು ಮಾತು ಹೇಳದಿದ್ದರೆ ನಾನು ಯಾಕೆ ಇಷ್ಟು ಸ್ಟಾರ್ ಕೊಟ್ಟೆ ಅಂತ ಅರ್ಥವಾಗೋದಿಲ್ಲ. ಮನೆ ಕಾರವಾರದ ಕೋಡಿಬಾಗ. ವಯಸ್ಸು 28. ಅಪ್ಪ ಟ್ರಾಲರ್ ಬೋಟಿನಲ್ಲಿ ಎಂಜಿನ್ ನೋಡಿಕೊಳ್ಳುತ್ತಾರೆ. ಹನ್ನೊಂದನೇ ವಯಸ್ಸಿಗೆ, ಗಲ್ಫಿನಿಂದ ಬಂದ ಸೋದರಮಾವ ತನ್ನ ಮಗನಿಗೆ ಬೇಡವಾದ ಹಳೇ ಪ್ಲೇಸ್ಟೇಷನ್ ನಮ್ಮ ಮನೆಯಲ್ಲಿ ಬಿಟ್ಟುಹೋದ. ಅದರ ಜೊತೆ ಗೀರು ಬಿದ್ದ ಟೆಕ್ಕೆನ್ 3 ಡಿಸ್ಕು ಇತ್ತು. ಓಣಿಯ ಹುಡುಗರೆಲ್ಲ ಎಡ್ಡಿ ಗೋರ್ಡೋ ಅನ್ನೋ ಪಾತ್ರ ಹಿಡಿದು ಸುಮ್ನೆ ಬಟನ್ ಚಚ್ಚುತ್ತಿದ್ದರು. ಚಚ್ಚಿದರೆ ಸಾಕು, ಅವನು ಕುಣಿದುಕೊಂಡೇ ಗೆಲ್ಲುತ್ತಿದ್ದ. ಆ ಎಡ್ಡಿಯನ್ನು ಸೋಲಿಸೋದು ಹೇಗೆ ಅಂತ ಒಂದು ಮಳೆಗಾಲ ಪೂರ್ತಿ ಕೂತು ಕಲಿತೆ. ನನ್ನ ‘ಕರಿಯರ್’ ಅನ್ನೋದು ಅಲ್ಲಿ ಶುರುವಾಯಿತು ಅನ್ನಬಹುದು.

ಆಮೇಲೆ ಬೆಂಗಳೂರು. ರಾತ್ರಿ ಪಾಳಿಯ ಕಾಲ್ ಸೆಂಟರ್ ಕೆಲಸ, ಹಗಲು ಪ್ರಾಕ್ಟೀಸ್. ಎರಡೂವರೆ ವರ್ಷ ಟೂರ್ನಮೆಂಟ್ ಆಡಿದೆ. ಅತಿ ದೊಡ್ಡ ಗೆಲುವು ಅಂದರೆ 15,000 ರೂಪಾಯಿ. ಅದು ಕೈಗೆ ಬರಲು ಏಳು ತಿಂಗಳು ಹಿಡಿಯಿತು. ಪ್ರಾಯೋಜಕರು ಅಂತ ಒಬ್ಬರು ಸಿಕ್ಕಿದ್ದರು, ಅವರು ಕೊಟ್ಟಿದ್ದು ಎರಡು ಟೀ ಶರ್ಟು. ಅದೂ ಎಕ್ಸೆಲ್. ಈಗ ಊರಿಗೆ ಬಂದು ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಸಂಜೆ ಆನ್‌ಲೈನ್‌ನಲ್ಲಿ ನಾಲ್ಕು ಮಕ್ಕಳಿಗೆ ಆಟ ಕಲಿಸುತ್ತೇನೆ, ಗಂಟೆಗೆ 300 ರೂಪಾಯಿ. ರಾತ್ರಿ ನಾನೇ ಆಡುತ್ತೇನೆ. ಇದನ್ನು ಪ್ರೊಫೆಷನಲ್ ಅನ್ನಬಹುದಾ ಅಂತ ಕೇಳಿದರೆ, ಪ್ಯಾನ್ ಕಾರ್ಡ್ ಕೊಟ್ಟು ಬಹುಮಾನ ತಗೊಂಡವಳು ನಾನು, ಅಷ್ಟು ಹೇಳಬಲ್ಲೆ.

ಈಗ ಸ್ಟಿಕ್ಕಿನ ವಿಷಯ. ಬೆಂಗಳೂರಿನ ಆಟಗಾರನೊಬ್ಬನಿಂದ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, 14,000 ಕೊಟ್ಟು. ಒಳಗಿರೋದು ಕೊರಿಯನ್ ಲಿವರ್. ಜಪಾನಿ ಲಿವರ್‌ನಲ್ಲಿ ಸ್ಪ್ರಿಂಗ್ ಇರುತ್ತದೆ. ಕೊರಿಯಾದ್ದರಲ್ಲಿ ಸ್ಪ್ರಿಂಗ್ ಬದಲು ದಪ್ಪ ರಬ್ಬರ್. ಬಿಟ್ಟ ಕೂಡಲೇ ಟಪ್ ಅಂತ ನಡುವಿಗೆ ವಾಪಸ್ ಬರುತ್ತದೆ. ಟೆಕ್ಕೆನ್ ಆಡುವವರಿಗೆ ಈ ‘ವಾಪಸ್ ಬರೋದು’ ತುಂಬಾ ಮುಖ್ಯ. ಲಿವರ್ ಕೆಳಗೆ ನಾಲ್ಕು ದಿಕ್ಕಿಗೆ ನಾಲ್ಕು ಮೈಕ್ರೋಸ್ವಿಚ್. ನಾವು ಎಷ್ಟೇ ದೊಡ್ಡ ಮಾತಾಡಿದರೂ ಕೊನೆಗೆ ಎಲ್ಲಾ ಈ ನಾಲ್ಕು ಟಿಕ್ ಟಿಕ್ ಸ್ವಿಚ್ಚುಗಳ ಕೈಯಲ್ಲಿದೆ.

ನಾನು ಆಡೋದು ಕಜುಯಾ ಅನ್ನೋ ಪಾತ್ರ. ಅವನಿಗೆ ‘ಎಲೆಕ್ಟ್ರಿಕ್’ ಅನ್ನೋ ಒಂದು ಗುದ್ದಿದೆ. ಲಿವರ್ ಮುಂದೆ, ಬಿಡು, ಕೆಳಗೆ, ಆಮೇಲೆ ಕೆಳಗೆ-ಮುಂದೆ ಓರೆಯಾಗಿ. ಆ ಓರೆಯೂ ಗುದ್ದಿನ ಬಟನ್ನೂ ಒಂದೇ ಫ್ರೇಮಿನಲ್ಲಿ ಬೀಳಬೇಕು. ಫ್ರೇಮ್ ಅಂದರೆ ಪರದೆಯ ಒಂದು ಚಿತ್ರ. ಸೆಕೆಂಡಿಗೆ 60 ಫ್ರೇಮ್, ಅಂದರೆ ನಿಮಗೆ ಸಿಗೋದು ಸೆಕೆಂಡಿನ 60ರಲ್ಲಿ ಒಂದು ಪಾಲು. ಬಿದ್ದರೆ ನೀಲಿ ಮಿಂಚು, ಎದುರಾಳಿ ಗಾಳಿಯಲ್ಲಿ. ತಪ್ಪಿದರೆ ಮಿಂಚಿಲ್ಲದ ಸಾದಾ ಗುದ್ದು, ಅವನು ತಡೆದರೆ ನಾನೇ ಏಟು ತಿನ್ನಬೇಕು. ಇದನ್ನು ಕೈಗೆ ಕೂರಿಸಲು ನನಗೆ ಎರಡು ವರ್ಷ ಬೇಕಾಯಿತು. ಅಂಥದ್ದು ಹೋದ ಜೂನ್‌ನಲ್ಲಿ ಒಂದು ದಿನ ಇದ್ದಕ್ಕಿದ್ದಂತೆ ಕೈಬಿಟ್ಟಿತು. ಆನ್‌ಲೈನ್ ಟೂರ್ನಮೆಂಟಿನ ಎರಡನೇ ಸುತ್ತಿನಲ್ಲಿ, ಹತ್ತೊಂಬತ್ತರ ಹುಡುಗನೊಬ್ಬನ ಎದುರು. ಮೂರು ಸಲ ಕೊಟ್ಟೆ, ಮೂರೂ ಸಲ ಬರಲಿಲ್ಲ. ಸೋತೆ. ನನಗೆ ವಯಸ್ಸಾಯಿತು ಅಂದುಕೊಂಡೆ. ನಿಜವಾಗಿಯೂ.

ಮರುದಿನ ಪ್ರಾಕ್ಟೀಸ್ ಮೋಡ್‌ನಲ್ಲಿ ನಾವು ಒತ್ತಿದ್ದನ್ನೆಲ್ಲ ಬಾಣದ ಗುರುತಿನಲ್ಲಿ ತೋರಿಸುವ ಪಟ್ಟಿಯನ್ನು ಹಾಕಿಕೊಂಡೆ. ನೂರು ಸಲ ಕೆಳಗೆ ಎಳೆದೆ. ಒಂಬತ್ತು ಸಲ ಕೆಳಗಿನ ಬಾಣವೇ ಮೂಡಲಿಲ್ಲ. ಕೈಯದ್ದಲ್ಲ ತಪ್ಪು, ಸ್ವಿಚ್ಚಿನದ್ದು. ಅವತ್ತು ನನಗಾದ ಸಂತೋಷ ಟೂರ್ನಮೆಂಟ್ ಗೆದ್ದರೂ ಆಗುತ್ತಿರಲಿಲ್ಲ.

ಕಾರವಾರದಲ್ಲಿ ಇದು ಆಶ್ಚರ್ಯದ ಮಾತಲ್ಲ ಬಿಡಿ. ನಮ್ಮನೆಯ ಕಿಟಕಿ ಸರಳು ಎರಡು ವರ್ಷಕ್ಕೊಮ್ಮೆ ಬಣ್ಣ ಕೇಳುತ್ತದೆ. ಆಯಿಯ ಹೊಲಿಗೆ ಮೆಷಿನ್ನಿಗೆ ವಾರಕ್ಕೊಮ್ಮೆ ಎಣ್ಣೆ. ಒಂದು ಕಡೆ ಕಾಳಿ ನದಿ, ಒಂದು ಕಡೆ ಸಮುದ್ರ, ಗಾಳಿಯಲ್ಲಿ ಉಪ್ಪು. ತಳದ ತಗಡು ಬಿಚ್ಚಿ ನೋಡಿದರೆ ಸ್ವಿಚ್ಚಿನ ಕಾಲಿಗೆಲ್ಲ ಹಸಿರು ಕಿಲುಬು. ದೇವರ ಮನೆಯ ಹಿತ್ತಾಳೆ ದೀಪಕ್ಕೆ ಹಿಡಿಯುತ್ತದಲ್ಲ, ಅದೇ.

ಮೊದಲು ಬೆಂಗಳೂರಿನ ಒಂದು ಸರ್ವಿಸ್ ಸೆಂಟರಿಗೆ ಕೊರಿಯರ್ ಮಾಡಿದೆ. ಹೆಸರು ಬೇಡ. ಹದಿನೇಳು ದಿನ ಇಟ್ಟುಕೊಂಡು, ‘ನೀರು ಬಿದ್ದಿದೆ, ಪೂರ್ತಿ ಬೋರ್ಡ್ ಬದಲಿಸಬೇಕು, ಭಾಗ ಸಿಗೋದಿಲ್ಲ’ ಅಂತ ಚೀಟಿ ಅಂಟಿಸಿ ವಾಪಸ್ ಕಳಿಸಿದರು. ನೀರು ಬಿದ್ದಿರಲಿಲ್ಲ. ಸ್ಕ್ರೂ ಎರಡು ಕಡಿಮೆಯಾಗಿದ್ದವು.

ಆಗ ಶಿರಸಿಯ ಗೆಳತಿ ಹೇಳಿದಳು, ‘ನಮ್ಮ ತೋಟದ ಪಂಪ್‌ಸೆಟ್ ರಿಪೇರಿ ಮಾಡೋ ಮಾವ ಇದ್ದಾರೆ, ಅವರಿಗೆ ತೋರಿಸು.’ ಪಂಪ್‌ಸೆಟ್ ರಿಪೇರಿಯವರಿಗೆ ಆರ್ಕೇಡ್ ಸ್ಟಿಕ್ಕಾ ಅಂತ ನಕ್ಕೆ. ಬೇರೆ ದಾರಿಯೂ ಇರಲಿಲ್ಲ. ಒಂದು ಶನಿವಾರ ಬೆಳಿಗ್ಗೆ ಸ್ಟಿಕ್ಕನ್ನು ಟವೆಲಿನಲ್ಲಿ ಸುತ್ತಿ ತೊಡೆ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ. ಶಕ್ತಿ ಯೋಜನೆ, ಟಿಕೆಟ್ ಸೊನ್ನೆ. ‘ಹಾರ್ಮೋನಿಯಮ್ಮಾ?’ ಅಂತ ಕಂಡಕ್ಟರ್ ಕೇಳಿದರು. ಹೌದು ಅಂದುಬಿಟ್ಟೆ. ಅಂಕೋಲಾ ದಾಟಿ ಶಿರೂರಿನ ಗುಡ್ಡ ಬಂದಾಗ ಬಸ್ಸಿನಲ್ಲಿ ಎಲ್ಲರೂ ಒಂದು ಗಳಿಗೆ ಆ ಕಡೆ ನೋಡಿ ಸುಮ್ಮನಾದರು. 2024ರ ಜುಲೈನ ಗುಡ್ಡ ಕುಸಿತದ ಮೇಲೆ ಹಾಗೇ ಆಗಿದೆ. ಕುಮಟಾದಲ್ಲಿ ಬಸ್ ಬದಲಿಸಿ, ದೇವಿಮನೆ ಘಾಟಿ ಹತ್ತಿ, ಊಟದ ಹೊತ್ತಿಗೆ ಶಿರಸಿ.

ಅಂಗಡಿ ಸಿ.ಪಿ. ಬಜಾರಿನಿಂದ ಒಳಗೆ ಹೋಗುವ ಒಂದು ಗಲ್ಲಿಯಲ್ಲಿದೆ. ಬೋರ್ಡು ಇಲ್ಲ. ಬಾಗಿಲ ಹಲಗೆಯ ಮೇಲೆ ‘ಇಲ್ಲಿ ಮೋಟಾರ್ ರಿವೈಂಡಿಂಗ್ ಮಾಡಲಾಗುವುದು’ ಅಂತ ಬಣ್ಣದಲ್ಲಿ ಬರೆದಿದ್ದು ಅರ್ಧ ಅಳಿಸಿದೆ. ‘ಹೆಸರು ಗಿಸರು ಎಲ್ಲೂ ಹಾಕಬೇಡ ತಂಗಿ, ಈಗಲೇ ಫೋನು ಜಾಸ್ತಿ’ ಅಂತ ಅವರೇ ಹೇಳಿದ್ದರಿಂದ ನಾನೂ ಹಾಕುತ್ತಿಲ್ಲ. ಒಳಗೆ ಕಾಲಿಡಲು ಜಾಗ ಇಲ್ಲ. ತಾಮ್ರದ ತಂತಿಯ ಸುರುಳಿಗಳು, ತೋಟದಿಂದ ಬಂದ ಮಣ್ಣು ಮೆತ್ತಿದ ಪಂಪುಗಳು, ಮುಚ್ಚಳ ಇಲ್ಲದ ಮಿಕ್ಸಿ ಜಾರುಗಳು. ವಾರ್ನಿಶ್ ವಾಸನೆ. ನಾನು ಹೋದಾಗ ಒಂದೂ ಮುಕ್ಕಾಲು, ಅಂಗಡಿ ಬಾಗಿಲು ಹಾಕಿತ್ತು. ನಾಲ್ಕು ಗಂಟೆಗೆ ತೆಗೆದರು. ಮಧ್ಯಾಹ್ನದ ನಿದ್ದೆ ಬಿಟ್ಟು ಯಾರ ಮೋಟಾರೂ ಇಲ್ಲ. ಇದಕ್ಕೆ ಅರ್ಧ ಸ್ಟಾರ್ ಕಟ್.

ಆಮೇಲೆ ನಡೆದದ್ದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

‘ಇದು ಎಂತದು ತಂಗಿ?’ ಅಂದರು. ಹೇಳಿದೆ. ಅರ್ಥವಾಯಿತೋ ಇಲ್ಲವೋ, ಪೆಟ್ಟಿಗೆ ತಗೊಂಡು ಲಿವರನ್ನು ಕಿವಿಯ ಹತ್ತಿರ ಹಿಡಿದುಕೊಂಡರು. ಬಲಕ್ಕೆ ಟಿಕ್. ಎಡಕ್ಕೆ ಟಿಕ್. ಮೇಲೆ ಟಿಕ್. ಕೆಳಗೆ ಟ್ಕ್. ‘ಮೂರು ಒಂದೇ ದನಿ. ಇದೊಂದು ಬೇರೆ’ ಅಂದರು. ಮಲ್ಟಿಮೀಟರ್ ತೆಗೆಯುವ ಮೊದಲೇ! ಗೆಳತಿ ಆಮೇಲೆ ಹೇಳಿದಳು, ಇವರು ತಾಳಮದ್ದಳೆಗೆ ಮದ್ದಳೆ ಬಾರಿಸುವವರಂತೆ. ಹದಿನೇಳು ದಿನದಲ್ಲಿ ಬೆಂಗಳೂರಿಗೆ ಗೊತ್ತಾಗದ್ದು ಹದಿನೇಳು ಸೆಕೆಂಡಿನಲ್ಲಿ ಗೊತ್ತಾಯಿತು.

ಸ್ವಿಚ್ ಬಿಚ್ಚಿ ಅಂಗೈಯಲ್ಲಿ ಇಟ್ಟುಕೊಂಡು ನಕ್ಕರು. ‘ಇದು ಮೈಕ್ರೋವೇವ್ ಬಾಗಿಲಲ್ಲಿ ಇರ್ತದಲ್ಲ, ಅದೇ ಜಾತಿ.’ ಹಾರ್ಲಿಕ್ಸ್ ಬಾಟಲಿಯೊಂದನ್ನು ಬೋರಲು ಹಾಕಿದರು. ಹತ್ತಿಪ್ಪತ್ತು ಸ್ವಿಚ್ ಬಿದ್ದವು. ಅಳತೆ ಒಂದೇ. ತಗಡಿನ ನಾಲಿಗೆ ಮಾತ್ರ ಉದ್ದ ಇತ್ತು, ಅದನ್ನು ಕತ್ತರಿಸಿ ಅರದಲ್ಲಿ ಉಜ್ಜಿದರು. ನನಗೆ ಜೀವ ಬಾಯಿಗೆ ಬಂದಿತ್ತು. ರಬ್ಬರ್ ಸವೆದಿದೆ ಅಂತ ಪಂಪಿನ ಕಪ್ಲಿಂಗ್ ರಬ್ಬರ್ ಕತ್ತರಿಸಲು ಹೊರಟರು. ಅದಕ್ಕೆ ಮಾತ್ರ ಬೇಡವೇ ಬೇಡ ಅಂದೆ.

ಕೈ ಕೆಲಸ ಮಾಡುತ್ತಿರುವಾಗ ಬಾಯಿಗೆ ಬಿಡುವು. ‘ಇದ್ರಲ್ಲಿ ದುಡ್ಡು ಬರ್ತದಾ?’ ಅಂದರು. ಈ ಪ್ರಶ್ನೆ ಎಲ್ಲರೂ ಕೇಳುತ್ತಾರೆ, ಕೇಳಿದ ಕೂಡಲೇ ನನಗೆ ಸಿಟ್ಟು ಬರುತ್ತದೆ. ಅವತ್ತು ಬರಲಿಲ್ಲ, ಯಾಕೋ. ಹೇಳಿದೆ. ಮೇಲಿನ ಮೆಟ್ಟಿಲಲ್ಲಿ ಇರುವವರಿಗೆ ಬರುತ್ತದೆ ಮಾವ. 2024ರಲ್ಲಿ ಸ್ಟ್ರೀಟ್ ಫೈಟರ್ ಅನ್ನೋ ಇಂಥದ್ದೇ ಹೊಡೆದಾಟದ ಗೇಮಿನ ಕ್ಯಾಪ್ಕಾಮ್ ಕಪ್ ಗೆದ್ದ ತೈವಾನಿನ ಆಟಗಾರನಿಗೆ ಹತ್ತು ಲಕ್ಷ ಡಾಲರ್ ಸಿಕ್ಕಿತು. ಕೆಳಗಿನ ಮೆಟ್ಟಿಲಲ್ಲಿ ಇರುವವರಿಗೆ ಬಸ್ ಚಾರ್ಜು. ನಡುವೆ ಮೆಟ್ಟಿಲೇ ಇಲ್ಲ. ಜಪಾನಿನ ದೈಗೋ ಉಮೆಹರಾ ಅಂತ ಒಬ್ಬರಿದ್ದಾರೆ, ನಮ್ಮ ಆಟದ ಭೀಷ್ಮ. ಇವೋ ಅಂದರೆ ಅಮೆರಿಕದಲ್ಲಿ ನಡೆಯುವ, ಇಂಥ ಹೊಡೆದಾಟದ ಗೇಮುಗಳ ದೊಡ್ಡ ಟೂರ್ನಮೆಂಟ್. 2004ರ ಇವೋದಲ್ಲಿ ಜೀವ ಒಂದು ಗೆರೆಯಷ್ಟು ಉಳಿದಿದ್ದಾಗ, ಎದುರಾಳಿ ಜಸ್ಟಿನ್ ವಾಂಗ್ ಸುರಿದ 15 ಏಟನ್ನೂ ಒಂದೊಂದಾಗಿ ತಟ್ಟಿ ತಡೆದು, ತಿರುಗಿ ಹೊಡೆದು ಗೆದ್ದರು. ಆ ತುಣುಕನ್ನು ಲೋಕವೆಲ್ಲ ನೋಡಿದೆ. ಅಷ್ಟಾದರೂ ಟೂರ್ನಮೆಂಟ್ ಅವರಿಗೆ ಸಿಗಲಿಲ್ಲ, ಫೈನಲ್‌ನಲ್ಲಿ ಸೋತರು. ಆಮೇಲೆ ಆಟವನ್ನೇ ಬಿಟ್ಟು ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದರು. ಮತ್ತೆ ಬಂದು 2009, 2010ರಲ್ಲಿ ಅದೇ ಇವೋ ಗೆದ್ದರು.

‘ಅಂದ್ರೆ ನೀನು ಈಗ ಲ್ಯಾಬಲ್ಲಿ ಕೂತದ್ದು ಅದೇ ಲೆಕ್ಕ’ ಅಂದರು ಮಾವ, ಸೋಲ್ಡರಿಂಗ್ ಕಡ್ಡಿಯಿಂದ ಕಣ್ಣು ತೆಗೆಯದೆ. ನಾನು ಹಾಗೆ ಯೋಚನೆ ಮಾಡಿರಲಿಲ್ಲ. ಹಾಗಲ್ಲ ಅನ್ನೋದು ನನಗೆ ಗೊತ್ತು, ಆದರೂ ಆ ಮಾತು ಹಿತವಾಗಿತ್ತು.

ಫೋನಿನಲ್ಲಿ ಆಟ ತೋರಿಸಿದೆ. ಟೆಕ್ಕೆನ್ ಕಥೆ ಗೊತ್ತಲ್ಲ, ಹೇಹಾಚಿ ತನ್ನ ಐದು ವರ್ಷದ ಮಗ ಕಜುಯಾನನ್ನು ಬೆಟ್ಟದ ಮೇಲಿಂದ ಎಸೆಯುತ್ತಾನೆ. ಮಗ ಬದುಕಿ ಬಂದು ಅಪ್ಪನನ್ನು ಎಸೆಯುತ್ತಾನೆ. ಈಗ ಎಂಟನೇ ಭಾಗದಲ್ಲಿ ಕಜುಯಾನ ಎದುರು ನಿಂತಿರೋದು ಅವನದೇ ಮಗ ಜಿನ್. ‘ಇದು ಬಭ್ರುವಾಹನನ ಕಥೆಯೇ ಆಯ್ತಲ್ಲ ಮಾರಾಯ್ತಿ’ ಅಂತ ಅವರು ಖುಷಿಯಾದರು. ಬಭ್ರುವಾಹನ ಒಂದೇ ಸಲ ಅಪ್ಪನ ಎದುರು ನಿಂತ. ಇವರು ಮೂರು ತಲೆಮಾರಿನಿಂದ ನಿಲ್ಲಿಸಿಲ್ಲ ಅಂದೆ.

‘ಎಷ್ಟು ವಯಸ್ಸಿನ ತನಕ ಆಡಬಹುದು?’ ಇದೂ ನನಗೆ ಚುಚ್ಚುವ ಪ್ರಶ್ನೆಯೇ. ಹ್ಯಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ, 2023ರಲ್ಲಿ, ಸ್ಟ್ರೀಟ್ ಫೈಟರ್ 5ಕ್ಕೆ ಚಿನ್ನ ಗೆದ್ದ ಕೊರಿಯಾದ ಕಿಮ್ ಗ್ವಾನ್-ವೂ ವಯಸ್ಸು 44. ನಮ್ಮ ದೇಶದಿಂದ ಅಯಾನ್ ಬಿಸ್ವಾಸ್, ಮಯಂಕ್ ಪ್ರಜಾಪತಿ ಹೋಗಿದ್ದರು. ಲಾಹೋರಿನ ಟೆಕ್ಕೆನ್ ಆಟಗಾರ ಅರ್ಸಲಾನ್ ಆಶ್ ಬಗ್ಗೆಯೂ ಹೇಳಿದೆ. 2019ರವರೆಗೆ ಹೊರಗಿನವರು ಹೆಚ್ಚಿನವರು ಅವನ ಹೆಸರು ಕೇಳಿರಲಿಲ್ಲ. ವೀಸಾ ತಾಪತ್ರಯ ದಾಟಿ ಜಪಾನಿಗೆ ಹೋಗಿ ಇವೋ ಜಪಾನ್ ಗೆದ್ದ, ಅದೇ ವರ್ಷ ಅಮೆರಿಕದ ಇವೋವನ್ನೂ ಗೆದ್ದ. ನಮ್ಮೂರಿನಲ್ಲಿ ನನಗಿಂತ ಒಳ್ಳೆಯವರಿದ್ದಾರೆ ಅಂತ ಅವನು ಹೇಳಿದಾಗ ಜನ ನಂಬಲಿಲ್ಲ, ಆಮೇಲೆ ಅವರೂ ಒಬ್ಬೊಬ್ಬರಾಗಿ ಬಂದರು. ನನಗೆ ಇವನ ಕಥೆಯಲ್ಲಿ ಹಿಡಿಸುವುದು ಗೆಲುವಲ್ಲ. ಊರಲ್ಲೇ ಎದುರು ಕೂತು ಹೊಡೆದಾಡಲು ಅವನಿಗೆ ಜನ ಇದ್ದರು ಅನ್ನೋದು. ಕಾರವಾರದಲ್ಲಿ ನನಗೆ ಒಬ್ಬರೂ ಇಲ್ಲ. ಎಲ್ಲಾ ನೆಟ್ಟಿನ ಮೇಲೆ. ಕೇಬಲ್ ಬಿಟ್ಟು ವೈಫೈ ಮೇಲೆ ಬಂದರೆ ಎದುರಿನವರಿಗೆ ಅದರ ಗುರುತು ಕಾಣುತ್ತದೆ, ಆಡೋದೇ ಇಲ್ಲ ಅಂತ ಹೋಗಿಬಿಡುತ್ತಾರೆ. ಮಳೆಗಾಲದಲ್ಲಿ ಕರೆಂಟೂ ಹೋಗುತ್ತದೆ. ಅದೇ ಹೊತ್ತಿಗೆ ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ಬಂದ್, ಅಪ್ಪ 61 ದಿನ ಮನೆಯಲ್ಲೇ. ರಾತ್ರಿ ಹನ್ನೊಂದಕ್ಕೆ ನನ್ನ ಟಿಕ್ ಟಿಕ್ ಕೇಳಿ ಗೋಡೆ ತಟ್ಟುತ್ತಾರೆ. 2025ರ ಆಗಸ್ಟಿನಲ್ಲಿ ಆನ್‌ಲೈನ್ ಗೇಮಿಂಗ್ ಕಾನೂನು ಬಂದಾಗ ಆಯಿ ಟಿವಿ ನೋಡಿ, ‘ನಿನ್ನ ಆಟ ಬ್ಯಾನ್ ಆಯ್ತಂತೆ’ ಅಂತ ಸಕ್ಕರೆ ಹಂಚುವುದೊಂದೇ ಬಾಕಿ. ಬ್ಯಾನ್ ಆಗಿದ್ದು ದುಡ್ಡು ಕಟ್ಟಿ ಆಡುವ ಆಟ, ಈಸ್ಪೋರ್ಟ್ಸ್‌ಗೆ, ಅಂದರೆ ಸ್ಪರ್ಧೆಯಾಗಿ ಆಡುವ ವಿಡಿಯೋ ಗೇಮಿಗೆ, ಅದೇ ಕಾನೂನಿನಲ್ಲಿ ಮಾನ್ಯತೆ ಇದೆ ಅಂತ ಒಪ್ಪಿಸಲು ಒಂದು ವಾರ ಬೇಕಾಯಿತು.

ಕತ್ತಲಾಗುವ ಹೊತ್ತಿಗೆ ಕೆಳಗಿನ ಸ್ವಿಚ್ ಕೂತಿತ್ತು. ಪಟ್ಟು ಬಿಡದೆ ಉಳಿದ ಮೂರನ್ನೂ ಬದಲಿಸಬೇಕು ಅಂದರು. ಒಂದು ಗಟ್ಟಿ, ಮೂರು ಮೆತ್ತಗೆ ಇದ್ದರೆ ಕೈ ತಪ್ಪುತ್ತದೆ ಅನ್ನೋದು ಅವರ ವಾದ. ಇಷ್ಟು ಸೂಕ್ಷ್ಮ ಆಟ ಆಡುವ ನನಗೇ ಹೊಳೆದಿರಲಿಲ್ಲ. ಬೋರ್ಡಿನ ಕಿಲುಬನ್ನು ಹಳೇ ಹಲ್ಲುಜ್ಜುವ ಬ್ರಶ್ಶು, ಸ್ಪಿರಿಟ್ಟು ಹಾಕಿ ತೊಳೆದರು. ಆಮೇಲೆ ಮೋಟಾರಿನ ಸುರುಳಿಗೆ ಹಚ್ಚುವ ಅದೇ ವಾರ್ನಿಶ್ಶನ್ನು ತಂತಿ ಸಿಕ್ಕಿಸುವ ಜಾಗ ಬಿಟ್ಟು ಉಳಿದ ಬೋರ್ಡಿಗೆಲ್ಲ ತೆಳ್ಳಗೆ ಬಳಿದರು. ‘ಬಾವಿಯ ತಂಪಲ್ಲಿ ಕೂತ ಪಂಪಿಗೇ ಏನೂ ಆಗೂದಿಲ್ಲ. ನಿಮ್ಮ ಸಮುದ್ರ ಯಾವ ಲೆಕ್ಕ?’ ವಾರ್ನಿಶ್ ಒಣಗಬೇಕು, ಮೂರು ದಿನ ಬಿಟ್ಟು ಬಾ ಅಂದರು.

ಮೂರು ದಿನ ಒಂಬತ್ತು ದಿನವಾಯಿತು. ಫೋನ್ ಎತ್ತಲಿಲ್ಲ. ಯಾರದೋ ಮನೆ ಉಪನಯನ, ಮತ್ತೆ ಇನ್ನೊಂದು ಊರಲ್ಲಿ ತಾಳಮದ್ದಳೆ. ಕೊನೆಗೆ ಗೆಳತಿಯೇ ಹೋಗಿ ಬಾಗಿಲಲ್ಲಿ ನಿಂತು ತಂದಳು. ಇದಕ್ಕೆ ಇನ್ನೊಂದು ಅರ್ಧ ಸ್ಟಾರ್.

ಖರ್ಚು 480 ರೂಪಾಯಿ. ಬಿಲ್ ಇಲ್ಲ, ಕ್ಯಾಲೆಂಡರ್ ಹಾಳೆಯ ಹಿಂದೆ ಲೆಕ್ಕ. ಸ್ವಿಚ್ಚು ಅಷ್ಟಕ್ಕೆ, ಉಳಿದದ್ದು ಇಷ್ಟಕ್ಕೆ, ‘ಮಾತು ಫ್ರೀ’ ಅಂತ ಕೆಳಗೆ.

ಮನೆಗೆ ತಂದು ಹಾಕಿದ ಕೂಡಲೇ ಗಾಬರಿ. ಕಜುಯಾ ಗುದ್ದೋ ಅಂದರೆ ಒದೆಯುತ್ತಿದ್ದಾನೆ! ಎರಡು ಬಟನ್ನಿನ ತಂತಿ ಅದಲುಬದಲಾಗಿದ್ದವು. ತಗಡು ಬಿಚ್ಚಿ ಐದು ನಿಮಿಷದಲ್ಲಿ ನಾನೇ ಸರಿ ಮಾಡಿದೆ. ಮೇಲಿನ ಪಾರದರ್ಶಕ ಹಾಳೆಗೆ ಬೆರಳುದ್ದದ ಒಂದು ಹೊಸ ಗೀರು. ಇವೆರಡನ್ನು ಯಾರಿಗಾದರೂ ಕೊಡುವ ಮೊದಲು ನೋಡಬೇಕಿತ್ತು, ಮಾವ.

ಆದರೆ ಲಿವರ್? ಮೊದಲಿಗಿಂತ ಕೊಂಚ ಗಟ್ಟಿ. ಮೈಕ್ರೋವೇವ್ ಬಾಗಿಲಿನ ಸ್ವಿಚ್ ಅಲ್ವಾ, ಅದಕ್ಕೆ ಬಲ ಜಾಸ್ತಿ ಬೇಕು. ಮೊದಲ ನಾಲ್ಕು ದಿನ ಮಣಿಕಟ್ಟು ನೋವು ಬಂತು. ನಿಧಾನವಾಗಿ ಕೈ ಒಗ್ಗಿತು. ನೂರು ಸಲ ಕೆಳಗೆ ಎಳೆದೆ, ನೂರೂ ಬಾಣ ಬಂದವು. ಎರಡನೇ ಸಲ ಎಣಿಸಿದೆ, ನೂರು. ಟಿಕ್ ದನಿ ಮಾತ್ರ ಈಗ ಇನ್ನೂ ಜೋರು. ಅಪ್ಪ ಗೋಡೆ ತಟ್ಟುವುದನ್ನು ಬಿಟ್ಟು ಬಾಗಿಲಿಗೇ ಬಂದು ನಿಲ್ಲುತ್ತಾರೆ.

ಸ್ಟಿಕ್ ಒಂದೇ ಇರುವ ಆಟಗಾರರಿಗೆ ಒಂದು ಮಾತು. 2015ರ ಇವೋ ಫೈನಲ್‌ನಲ್ಲಿ ಜಪಾನಿನ ಮೊಮೊಚಿ ಆಡುತ್ತಿರುವಾಗ ಸ್ಟಿಕ್ ಕೈಕೊಟ್ಟು ಆಟ ನಿಂತಿತು. ನಿಯಮದಂತೆ ಆ ಸುತ್ತು ಅವರ ಕೈತಪ್ಪಿತು. ಬೇರೆ ಸ್ಟಿಕ್ ತಗೊಂಡು ಕೂತು ಫೈನಲ್ ಗೆದ್ದರು. ಆ ಎರಡನೇ ಸ್ಟಿಕ್ ಅಲ್ಲಿ ಇತ್ತು ಅನ್ನೋದನ್ನು ಮರೆಯಬೇಡಿ. ಇದನ್ನೂ ಮಾವನಿಗೆ ಹೇಳಿದ್ದೆ. ‘ಎರಡನೇದು ನಾನೇ ಮಾಡಿ ಕೊಡ್ತೆ, ಹಲಸಿನ ಹಲಗೆಯಲ್ಲಿ’ ಅಂದಿದ್ದಾರೆ. ಲಿವರ್ ಮಾತ್ರ ನಾನು ತರಿಸಿಕೊಡಬೇಕು. ಯಾವಾಗ ಅಂತ ಕೇಳಿದರೆ ಮಳೆ ಬಿಡಲಿ ಅನ್ನುತ್ತಾರೆ. ಯಾವ ವರ್ಷದ ಮಳೆ ಅಂತ ಹೇಳಿಲ್ಲ.

ಐದಕ್ಕೆ ನಾಲ್ಕು ಸ್ಟಾರ್. ಹೋಗುವವರು ಮಧ್ಯಾಹ್ನ ಹೋಗಬೇಡಿ. ಫೋನ್ ಮಾಡಬೇಡಿ, ನೇರವಾಗಿ ಹೋಗಿ. ಬಟನ್ ತಂತಿಯ ಫೋಟೋ ಮೊದಲೇ ತೆಗೆದಿಟ್ಟುಕೊಳ್ಳಿ. ಬಿಚ್ಚಿದ ಹಳೇ ಸ್ವಿಚ್ಚುಗಳನ್ನು ವಾಪಸ್ ಕೇಳಬೇಡಿ, ಕೊಡೋದಿಲ್ಲ. ನನ್ನ ನಾಲ್ಕನ್ನೂ ತೊಳೆದು ಹಾರ್ಲಿಕ್ಸ್ ಬಾಟಲಿಗೆ ಹಾಕಿಕೊಂಡರು. ಯಾರದೋ ಓವನ್ ಬಾಗಿಲಿಗೆ ಆಗುತ್ತದಂತೆ.